ಸಂದಿನ ಬೆಳಕು

ಅವರನ್ನು ನಾನು ಮೊದಲ ಸಲ ಕಂಡದ್ದು ನಮ್ಮ ಮನೆಯ ಹೊಸ್ತಿಲಲ್ಲಿ. ಎರಡೂ ಹೆಗಲ ಮೇಲೆ ಒಂದೊಂದು ಮರಳಿನ ಮೂಟೆ ಹೊತ್ತು ನಿಂತಿದ್ದರು. ರೈಲ್ವೆ ಯಾರ್ಡಿನ ಹಿಂದಿದ್ದ ಕಾಲುವೆಯ ಏರಿ ಅವತ್ತು ಮಧ್ಯಾಹ್ನ ಒಡೆದಿತ್ತು. ನಮ್ಮ ಸಾಲಿನ ಮನೆಗಳೆಲ್ಲ ರೈಲ್ವೆ ಕೆಲಸದವರವು. ಕಡೆಯ ಮನೆ ನಮ್ಮದು, ಎಲ್ಲಕ್ಕಿಂತ ತಗ್ಗಿನದು. ನನ್ನ ಗಂಡ ಉಳಿದ ಗಂಡಸರ ಜೊತೆ ಏರಿ ಕಟ್ಟಲು ಹೋಗಿದ್ದರು. ನಮಗೆ ಮಕ್ಕಳಿರಲಿಲ್ಲ. ಮನೆಯಲ್ಲಿದ್ದದ್ದು ನಾನು ಮತ್ತು ಹಾಸಿಗೆ ಹಿಡಿದಿದ್ದ ಅತ್ತೆ.

"ಅಮ್ಮಾ, ಸ್ವಲ್ಪ ಪಕ್ಕಕ್ಕೆ ಬನ್ನಿ. ಇದು ಕಾಲಿನ ಮೇಲೆ ಬಿದ್ರೆ ನೀರಿಗಿಂತ ಜಾಸ್ತಿ ನೋವಾಗುತ್ತೆ," ಎಂದರು.

ಒಳಗಿಂದ ಅತ್ತೆ ಕೂಗಿದರು. "ಯಾರೇ ಅದು?"

"ಅಳತೆಯವನು, ತಾಯಿ."

"ಅಳತೆಯವನಾ? ಇಂಥ ಹೊತ್ತಲ್ಲಿ ಯಾರಿಗಪ್ಪ ಅಂಗಿ ಹೊಲೀತೀಯ?"

"ಅಂಗಿ ಅಲ್ಲ ತಾಯಿ. ವಿಮಾನದ ಅಳತೆ."

"ಕೇಳಿದ್ಯೇನೇ? ವಿಮಾನಕ್ಕೂ ಈಗ ಅಂಗಿಯಂತೆ!"

ಅವರು ನಗಲಿಲ್ಲ. ಮೂಟೆಗಳನ್ನು ಹೊಸ್ತಿಲಿಗೆ ಒತ್ತಿ ಕೂರಿಸಿ, ಮೇಲೆ ಹತ್ತಿ ತುಳಿದರು. ಆಮೇಲೆ ಬಾಗಿಲ ಚೌಕಟ್ಟಿಗೂ ಮೂಟೆಗೂ ನಡುವೆ ಬೆರಳು ತೂರಿಸಿ ನೋಡಿದರು. ಬೆರಳು ಹೋದ ಕಡೆಯಲ್ಲೆಲ್ಲ ಹಳೇ ಗೋಣಿ ಹರಿದು ತುರುಕಿದರು. ಅಷ್ಟು ನಿಧಾನವಾಗಿ ಕೆಲಸ ಮಾಡುವವರನ್ನು, ಅದೂ ನೀರು ಹಿಮ್ಮಡಿ ಮುಟ್ಟುತ್ತಿರುವಾಗ, ನಾನು ಬೇರೆ ಕಂಡಿರಲಿಲ್ಲ. ಮುಗಿದ ಮೇಲೆ ಹೇಳಿದರು.

"ಇನ್ನು ಹೆದರ್ಕೋಬೇಡಿ. ಇಲ್ಲಿಂದ ಒಂದು ತೊಟ್ಟೂ ಒಳಗೆ ಬರಲ್ಲ."

ಆ ಮಾತು ಸುಳ್ಳಾಗಲಿಲ್ಲ. ಅಲ್ಲಿಂದ ಒಂದು ತೊಟ್ಟೂ ಬರಲಿಲ್ಲ. ಅವರು ಹೋದ ಸ್ವಲ್ಪ ಹೊತ್ತಿಗೆ ನೀರು ಬಚ್ಚಲ ತೂಬಿನಿಂದ ಬಂತು. ನಾನು ತುರುಕಿದ್ದ ಬಟ್ಟೆಯನ್ನು ಹೊರಗೆಸೆದು, ಗುಳುಗುಳು ಎಂದು ಉಕ್ಕಿ ಬಂತು. ಅತ್ತೆಯ ಹಾಸಿಗೆ ನೆಂದು ಮುದ್ದೆಯಾಯಿತು. ಗಂಡ ಬರುವ ಹೊತ್ತಿಗೆ ಡಬ್ಬಗಳು ಅಡುಗೆಮನೆಯಲ್ಲಿ ತೇಲುತ್ತಿದ್ದವು. ಅವರು ಅತ್ತೆಯನ್ನು ಎತ್ತಿ ಮೇಜಿನ ಮೇಲೆ ಮಲಗಿಸಿ, ಮುಂಬಾಗಿಲ ಮೂಟೆಗಳನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಪುಣ್ಯಾತ್ಮ ಎಷ್ಟು ಚೆನ್ನಾಗಿ ಕಟ್ಟಿದಾನೆ ನೋಡೇ! ಒಳಗಿನ ನೀರು ಒಂದು ತೊಟ್ಟೂ ಹೊರಗೆ ಹೋಗ್ತಿಲ್ಲ!"

ಇಬ್ಬರೂ ನಕ್ಕೆವು. ನಗುತ್ತಲೇ ಬಿಂದಿಗೆಯಲ್ಲಿ ನೀರು ಮೊಗೆದು ಕಿಟಕಿಯಿಂದ ಆಚೆ ಸುರಿದೆವು. ಅವರ ಜೊತೆ ನಾನು ಬಾಯಿ ತುಂಬ ನಕ್ಕದ್ದು ಅದೇ ಕೊನೆ.

ಮರಳಿನ ಮೂಟೆ ಅಳತೆಯವರ ಕೈಯಲ್ಲಿ ಯಾಕಿತ್ತು ಎಂಬುದನ್ನು ಹೇಳಬೇಕು. ನಮ್ಮ ಸ್ಟೇಷನ್ನಿಂದ ಮೇಲಕ್ಕೆ ಒಂದು ಕಾರ್ಖಾನೆ. ಅಲ್ಲಿ ವಿಮಾನದ ಒಡಲನ್ನು ಮಾತ್ರ ಮಾಡುತ್ತಿದ್ದರು. ರೆಕ್ಕೆ ಮಾಡುವವರು ಬೇರೆ ಕಡೆ, ಎಲ್ಲವನ್ನೂ ಸೇರಿಸಿ ಹಾರಿಸುವವರು ಇನ್ನೂ ದೂರ. ಹಾಗಾಗಿ ಹಾರಬೇಕಾದ ವಸ್ತು ಮೊದಲು ರೈಲಿನಲ್ಲಿ ಹೋಗಬೇಕಾಗಿತ್ತು. ವಾರಕ್ಕೊಂದು ಸಲ, ಉದ್ದನೆಯ ಚಪ್ಪಟೆ ಗಾಡಿಗಳ ಮೇಲೆ, ರೆಕ್ಕೆ ಇಲ್ಲ, ಬಾಲ ಇಲ್ಲ, ಕಿಟಕಿಯ ಜಾಗದಲ್ಲಿ ಬರೀ ತೂತು, ಹಸಿರು ಬಣ್ಣದ ಆ ಒಡಲುಗಳು ಇಂಜಿನ್ನಿನ ಹಿಂದೆ ಸದ್ದಿಲ್ಲದೆ ಬರುತ್ತಿದ್ದವು. ನಮ್ಮವರು ಅದಕ್ಕೆ ಹೊಟ್ಟೆಗಾಡಿ ಎನ್ನುತ್ತಿದ್ದರು. ಒಡಲು ಗಾಡಿಗಿಂತ ಅಗಲ, ಎರಡು ಪಕ್ಕಕ್ಕೂ ಉಬ್ಬಿಕೊಂಡು ಹೊರಗೆ ಚಾಚಿರುತ್ತಿತ್ತು. ನಮ್ಮ ಪ್ಲಾಟ್‌ಫಾರಂ ತಿರುವಿನಲ್ಲಿದೆ. ಅದರ ಅಂಚಿನ ಕಲ್ಲಿಗೂ ಆ ಹೊಟ್ಟೆಗೂ ನಡುವೆ ನಾಲ್ಕು ಬೆರಳು ಸಂದು ಇರಬೇಕು ಎಂದು ಲೆಕ್ಕ. ಆ ಸಂದು ಇದೆಯೋ ಇಲ್ಲವೋ ಎಂದು ಹಿಂದಿನ ದಿನವೇ ನೋಡುವುದು ಅಳತೆಯವರ ಕೆಲಸ.

ಅದಕ್ಕೆ ಅವರ ಹತ್ತಿರ ಒಂದು ಖಾಲಿ ಗಾಡಿ ಇತ್ತು. ಅದರ ಮೇಲೆ ವಿಮಾನದ ಒಡಲಿನಷ್ಟೇ ದೊಡ್ಡ ಮರದ ಚೌಕಟ್ಟು, ಚೌಕಟ್ಟಿನ ಸುತ್ತ ಹೊರಗೆ ಚಾಚಿದ ಮರದ ಕಡ್ಡಿಗಳು. ನೋಡಿದರೆ ಮುಳ್ಳುಹಂದಿಯೇ, ಹೆಸರೂ ಅದೇ ಬಿತ್ತು. ಅವರು ಮೊದಲು ಬಡಗಿ. ಒಂದೊಂದು ಕಡ್ಡಿಯನ್ನೂ ತಾವೇ ಕೆತ್ತಿ, ಎಣ್ಣೆ ಕುಡಿಸಿ, ತುದಿಗೆ ಹಸಿ ಸುಣ್ಣ ಹಚ್ಚುತ್ತಿದ್ದರು. ಮುಳ್ಳುಹಂದಿಯನ್ನು ದಾರಿಯುದ್ದಕ್ಕೂ ಎಳೆಸಿಕೊಂಡು ಹೋದರೆ, ಕಡ್ಡಿ ಎಲ್ಲಿ ತಾಗಿತೋ ಅಲ್ಲಿ ಬಿಳಿ ಗುರುತು ಬೀಳುತ್ತಿತ್ತು. ಕಂಬವಾಗಲಿ, ಕಲ್ಲಾಗಲಿ, ಮರದ ಕೊಂಬೆಯಾಗಲಿ, ಗುರುತು ಬಿದ್ದದ್ದನ್ನು ಸರಿಪಡಿಸದೆ ಹೊಟ್ಟೆಗಾಡಿ ಹೊರಡುವಂತಿಲ್ಲ. ಆದರೆ ಖಾಲಿ ಗಾಡಿ ಸ್ಪ್ರಿಂಗಿನ ಮೇಲೆ ಎತ್ತರಕ್ಕೆ ನಿಲ್ಲುತ್ತದೆ, ತುಂಬಿದ ಗಾಡಿ ಕುಸಿದು ಕೂರುತ್ತದೆ. ಎರಡೂ ಒಂದೇ ಎತ್ತರಕ್ಕೆ ಬರಲಿ ಎಂದು ಮುಳ್ಳುಹಂದಿಯ ಮೇಲೆ ಮರಳಿನ ಮೂಟೆ ಹೇರುತ್ತಿದ್ದರು. ಅವತ್ತು ನಮ್ಮ ಸಾಲಿನ ಬಾಗಿಲುಗಳಿಗೆಲ್ಲ ಬಂದದ್ದು ಆ ಮೂಟೆಗಳೇ.

ಮಾರನೆಯ ದಿನವೂ ನೀರು ಇಳಿಯಲಿಲ್ಲ. ಕಾರ್ಖಾನೆಯವರಿಗೆ ಅವಸರ. ಅಳತೆಯವರು ಮುಳ್ಳುಹಂದಿಯನ್ನು ಮೂಟೆಯಿಲ್ಲದೆ ಹೊರಡಿಸಿದರು. ನಮ್ಮ ಪ್ಲಾಟ್‌ಫಾರಮಿಗೆ ಆಗಷ್ಟೇ ಹೊಸ ಅಂಚುಗಲ್ಲು ಹಾಕಿದ್ದರು. ಅಲ್ಲಿ ಕಡ್ಡಿ ತಾಗಲಿಲ್ಲ, ಸಂದು ಆರು ಬೆರಳಷ್ಟು ಕಂಡಿತಂತೆ. ತುಂಬಿದ ಗಾಡಿ ಎರಡು ಬೆರಳು ಕುಸಿದೀತು, ಇನ್ನೂ ನಾಲ್ಕು ಉಳಿಯುತ್ತದೆ ಎಂದು ಕಣ್ಣಂದಾಜಿನಲ್ಲಿ ಕಳೆದು, ಹೋಗಬಹುದು ಎಂದುಬಿಟ್ಟರು. ಒಂದು ಮೊಳೆ ಹೊಡೆಯುವಾಗಲೂ ಕಣ್ಣನ್ನು ನಂಬದೆ ಬೆರಳಿಟ್ಟು ನೋಡುವ ಮನುಷ್ಯ, ಅವತ್ತೊಂದು ದಿನ ಕಣ್ಣನ್ನು ನಂಬಿದರು.

ಹೊಟ್ಟೆಗಾಡಿ ನಮ್ಮ ಸ್ಟೇಷನ್ನಿನಲ್ಲಿ ಮನುಷ್ಯ ನಡೆಯುವಷ್ಟೇ ನಿಧಾನಕ್ಕೆ ಹೋಗುತ್ತಿತ್ತು. ಕೆಂಪು ಬಾವುಟ ಹಿಡಿದು, ಸಂದಿನ ಮೇಲೆ ಕಣ್ಣಿಟ್ಟು, ಅದರ ಪಕ್ಕದಲ್ಲೇ ಅಂಚಿನಲ್ಲಿ ನಡೆಯುವುದು ನನ್ನ ಗಂಡನ ಕೆಲಸ. ಅಳತೆಯ ಮರುದಿನ ಬಂದ ಗಾಡಿ ತಿರುವಿನಲ್ಲಿ ಕುಸಿದದ್ದೂ ಅಲ್ಲದೆ ಒಳಕ್ಕೆ ವಾಲಿತು. ಹೊಟ್ಟೆ ಹೊಸ ಕಲ್ಲಿಗೆ ಸಿಕ್ಕಿತು. ಅವರು ಬಾವುಟ ಎತ್ತಿದರು. ಅಷ್ಟರಲ್ಲಿ ಅವರು ನಿಂತಿದ್ದ ಕಲ್ಲೇ ಮಗುಚಿತು. ಬಿದ್ದದ್ದು ಆ ಸಂದಿನೊಳಕ್ಕೆ. ಇದರ ಬಗ್ಗೆ ನಾನು ಇಷ್ಟೇ ಬರೆಯುವುದು.

ವಿಚಾರಣೆಯಲ್ಲಿ ಅಳತೆಯವರು ಏನನ್ನೂ ಮುಚ್ಚಲಿಲ್ಲವಂತೆ. ತೂಕ ಯಾಕಿರಲಿಲ್ಲ ಎಂದರೆ ನಾನೇ ಇಳಿಸಿದೆ ಎಂದರು. ಯಾರನ್ನು ಕೇಳಿ ಇಳಿಸಿದೆ ಎಂದರೆ ಯಾರನ್ನೂ ಇಲ್ಲ ಎಂದರು. ಕೆಲಸದಿಂದ ತೆಗೆದರು. ಆ ಸುದ್ದಿ ಬಂದ ದಿನ ನಮ್ಮ ಸಾಲಿನವರೆಲ್ಲ ತಂತಮ್ಮ ಬಾಗಿಲ ಮೂಟೆಗಳನ್ನು ಲಗುಬಗೆಯಿಂದ ಎತ್ತಿ ಯಾರ್ಡಿಗೆ ಹಾಕಿ ಬಂದರು, ಪಾಪ ತಮಗೆಲ್ಲಿ ಅಂಟೀತೋ ಎಂಬಂತೆ. ನಮ್ಮ ಬಾಗಿಲಲ್ಲಿ ಮಾತ್ರ ಹಾಗೇ ಉಳಿದವು. ಎತ್ತಲು ಮನೆಯಲ್ಲಿ ಗಂಡಸಿರಲಿಲ್ಲ.

ಒಂದು ದಿನ ಅವರು ನಮ್ಮ ಮನೆಯ ಕಡೆಗೆ ಬಂದರು. ಮಾತಾಡಿಸಲು ಬಂದವರು ಎಂದು ನೋಡಿದರೆ ಗೊತ್ತಾಗುತ್ತಿತ್ತು, ಅಂಗಿ ಒಗೆದು ಹಾಕಿಕೊಂಡಿದ್ದರು. ಮೂಟೆಗಳನ್ನು ನೋಡಿ ಅಲ್ಲೇ ನಿಂತರು. ನಾನು ಕಿಟಕಿಯಲ್ಲಿದ್ದೆ. ಬನ್ನಿ ಎನ್ನಲು ನನಗೆ ಬಾಯಿ ಬರಲಿಲ್ಲ, ಒಳಗೆ ಬರಲು ಅವರಿಗೆ ಕಾಲು ಬರಲಿಲ್ಲ. ಹಿಂದಿರುಗಿ ಹೋದರು.

ಗಂಡನ ಬದಲಿಗೆ ನನಗೆ ಸ್ಟೇಷನ್ನಿನಲ್ಲಿ ಕೆಲಸ ಕೊಟ್ಟರು. ಪ್ಲಾಟ್‌ಫಾರಂ ಗುಡಿಸುವುದು. ತಿರುವಿನ ತುದಿಯನ್ನು ನಾನು ಗುಡಿಸುತ್ತಿರಲಿಲ್ಲ. ಸಿಗ್ನಲ್ ದೀಪ ನೋಡಿಕೊಳ್ಳುವ ದೀಪದವನೊಬ್ಬ ಇದ್ದ, ಬಾಯಿಬಡುಕ, ಮನಸ್ಸು ಒಳ್ಳೆಯದು. ಅವನೇ ಒಂದು ದಿನ ನನ್ನ ಕೈಯ ಪೊರಕೆ ಕಿತ್ತುಕೊಂಡ.

"ಆ ಮೂಲೆ ನನಗಿರಲಿ ಅಕ್ಕ. ಬಗ್ಗಿ ಕೆಲಸ ಮಾಡದೆ ಬೊಜ್ಜು ಬಂದಿದೆ, ನನ್ನ ಹೆಂಡ್ತಿ ದಿನಾ ಬೈತಾಳೆ."

ಹೊಟ್ಟೆಗಾಡಿ ಮತ್ತೆ ಓಡತೊಡಗಿತು. ಅಳತೆಯವರೂ ಬರತೊಡಗಿದರು. ಗಾಡಿ ಬರುವ ದಿನ ತಪ್ಪದೆ ಬಂದು ತಿರುವಿನ ತುದಿಯ ಬೆಂಚಿನ ಮೇಲೆ ಕೂರುತ್ತಿದ್ದರು. ಗಾಡಿ ತಲೆ ಹಾಕಿದ ಕೂಡಲೇ ಎದ್ದು, ಮಂಡಿಯೂರಿ, ಕೆನ್ನೆ ಕಲ್ಲಿಗೆ ತಾಗುವ ಹಾಗೆ ಬಗ್ಗಿ ಅಂಚಿನುದ್ದಕ್ಕೂ ನೋಡುತ್ತಿದ್ದರು. ಹೊಟ್ಟೆಗೂ ಕಲ್ಲಿಗೂ ನಡುವೆ ಆಚೆ ಕಡೆಯ ಬೆಳಕು ಕಾಣಬೇಕು, ಕಡೆಯ ಗಾಡಿ ದಾಟುವ ತನಕ ಕಾಣುತ್ತಲೇ ಇರಬೇಕು. ಕಂಡರೆ ಎದ್ದು, ಮಂಡಿಯ ಧೂಳು ಕೊಡವಿ, ಯಾರನ್ನೂ ಮಾತಾಡಿಸದೆ ಮನೆಗೆ. ನಾನು ಅಷ್ಟೂ ಹೊತ್ತು ಬೆನ್ನು ತಿರುಗಿಸಿ ಗುಡಿಸಿದ್ದನ್ನೇ ಗುಡಿಸುತ್ತಿದ್ದೆ. ಸಿಟ್ಟಿರಲಿಲ್ಲವೇ ಎಂದು ಕೇಳಿದವರಿದ್ದಾರೆ. ಪೊರಕೆ ಕೈಯಲ್ಲೇ ಇತ್ತು, ಎಸೆಯಲಿಲ್ಲ ಅಷ್ಟೆ.

ಸ್ಟೇಷನ್ನಿನವರು ಅವರಿಗೆ ನಾಲ್ಬೆರಳು ಎಂದು ಹೆಸರಿಟ್ಟರು. ದೀಪದವನು ಒಮ್ಮೆ ಎದುರಿಗೇ ಕೇಳಿದ.

"ನಾಲ್ಬೆರಳಣ್ಣ, ಈಗ ಹೊಸ ಅಳತೆಯವನು ಇದಾನಲ್ಲ. ಸಂಬಳ ಅವನಿಗೆ, ಮಂಡಿನೋವು ನಿಮಗಾ?"

"ಅವನು ಅಳೀತಾನೆ. ನಾನು ಬರೀ ನೋಡ್ತೀನಿ."

ವರ್ಷಗಳು ಕಳೆದ ಹಾಗೆ, ನೋಡುವುದಕ್ಕೆಂದೇ ಬರುವವರು ಬೇರೆಯೂ ಹುಟ್ಟಿಕೊಂಡರು. ಕ್ಯಾಮೆರಾ ನೇತುಹಾಕಿಕೊಂಡು, ಪುಟ್ಟ ಏಣಿ ಹೊತ್ತುಕೊಂಡು, ಇಂಜಿನ್ ನಂಬರಿಗಾಗಿ ಕಿತ್ತಾಡುವ ದೊಡ್ಡ ಗಂಡಸರು. ಅವರಲ್ಲಿ ಒಬ್ಬ ಹಲ್ಲಿನ ಡಾಕ್ಟರು. ಬಾಯಿ ತೆರೆದುಕೊಂಡ ರೋಗಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿಬರುತ್ತಾರೆ ಎಂದು ದೀಪದವನು ಹಬ್ಬಿಸಿದ್ದ. ಅಳತೆಯವರೂ ತಮ್ಮ ಜಾತಿಯವರೇ ಎಂದುಕೊಂಡು ಡಾಕ್ಟರು ಒಂದು ದಿನ ಪಕ್ಕದಲ್ಲಿ ಕೂತರು.

"ತಾತ, ನೀವು ಇಂಜಿನ್ ಕಡೆಯವರೋ, ಗಾಡಿ ಕಡೆಯವರೋ?"

"ಸಂದಿನ ಕಡೆಯವನು."

"ಅಂದ್ರೆ?"

"ದಿನಾ ಹಲ್ಲಿನ ಸಂದು ನೋಡೋರು ನೀವೇ ಹೀಗೆ ಕೇಳಿದ್ರೆ ಹೇಗೆ ಡಾಕ್ಟ್ರೇ?"

ಡಾಕ್ಟರು ಬಹಳ ನಕ್ಕರು. ಆಮೇಲೆ ನಗು ನಿಲ್ಲಿಸಿ ಅವರ ಮುಖವನ್ನೇ ನೋಡಿದರು. "ತಾತ, ನಾನು ಕೂತಿರೋದು ಈ ಕಡೆ. ನೀವು ಆ ಕಡೆ ನೋಡಿ ಮಾತಾಡ್ತಿದೀರಿ."

ಕಣ್ಣಿನ ನರ ಒಣಗಿತ್ತು. ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದರೂ ತಡವಾಗಿದೆ ಎಂದರಂತೆ.

ಅದಾದ ಮೇಲೂ ಅವರು ಬರುವುದನ್ನು ಬಿಡಲಿಲ್ಲ. ಈಗ ಹೆಂಡತಿ ಕೈ ಹಿಡಿದು ಕರೆತರುತ್ತಿದ್ದರು. ಆಕೆಗೆ ರೈಲೆಂದರೆ ಸವತಿ. "ಇಷ್ಟು ವರ್ಷ ಸಂಸಾರ ಮಾಡಿದೀನಿ, ನನ್ನ ಮುಖಾನ ಒಂದಿನ ಹೀಗೆ ಬಗ್ಗಿ ನೋಡಿದ್ರೆ ಕೇಳಿ," ಎಂದು ನನ್ನ ಕಡೆ ತಿರುಗಿ ಹೇಳಿ, ಅವರನ್ನು ಬೆಂಚಿನಲ್ಲಿ ಕೂರಿಸಿ, ಸಾಮಾನು ತರಲು ಹೋಗುತ್ತಿದ್ದರು.

ಹಾಗೆ ಹೆಂಡತಿ ಹೋಗಿದ್ದ ಒಂದು ದಿನ ಗಾಡಿ ಬಂತು, ಹೋಯಿತು. ಅವರು ಮಂಡಿಯೂರಿದವರು ಏಳಲಿಲ್ಲ. ಕಲ್ಲಿನ ಮೇಲೆ ಅಂಗೈ ಊರಿಕೊಂಡು, ಯಾವ ಕಡೆಗೂ ಅಲ್ಲದೆ ಕೇಳಿದರು.

"ಅಮ್ಮಾ, ಅಲ್ಲಿದೀರಾ?"

ಮೂಟೆ ಇಟ್ಟ ದಿನದ ಮೇಲೆ ಅವರು ನನ್ನೊಂದಿಗೆ ಆಡಿದ ಮೊದಲ ಮಾತು. ಪೊರಕೆಯ ಸದ್ದಿನಿಂದಲೇ ನನ್ನನ್ನು ಗುರುತು ಹಿಡಿದಿದ್ದರು ಎಂದು ಕಾಣುತ್ತದೆ.

"ಇದೀನಿ."

"ಬೆಳಕು ಕಂಡ್ತಾ?"

"ನಾನು ನೋಡಲಿಲ್ಲ."

"ಹೂಂ," ಎಂದರು. ಹೆಂಡತಿ ಬಂದು ಎಬ್ಬಿಸುವ ತನಕ ಹಾಗೇ ಇದ್ದರು.

ಕಂಡಿತು ಎಂದುಬಿಡಬಹುದಾಗಿತ್ತು. ಕಾಣದ್ದನ್ನು ಕಂಡೆ ಎನ್ನುವುದು ನನಗೆ ಆಗದು. ಆದರೆ ಆ ವಾರವೆಲ್ಲ ಅವರು ಕೇಳಿದ್ದು ಕಿವಿಯಲ್ಲೇ ಇತ್ತು. ಮುಂದಿನ ಹೊಟ್ಟೆಗಾಡಿ ಬಂದಾಗ ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗು ಬಿಗಿದು, ಅವರ ಪಕ್ಕದಲ್ಲಿ ಮಂಡಿಯೂರಿದೆ. ನನ್ನ ಗಂಡ ಬಿದ್ದ ಜಾಗವನ್ನು ನಾನು ಕಣ್ಣಿಟ್ಟು ನೋಡಿದ್ದು ಅವತ್ತೇ. ಮುಚ್ಚಿದ ಬಾಗಿಲ ಕೆಳಗೆ ಕಾಣುವಂಥ ಬೆಳಕು. ಗಾಡಿ ಜರುಗಿದ ಹಾಗೆ ಅದೂ ಜರುಗುತ್ತಿತ್ತು, ಯಾರೋ ಬಿಳೀ ದಾರ ಎಳೆದಂತೆ. ಒಂದು ಕಡೆ ಬಹಳ ಸಣ್ಣಗಾಯಿತು. ನಾನು ಇನ್ನೂ ಬಗ್ಗಿದೆ. ಮತ್ತೆ ಅಗಲವಾಯಿತು.

"ಕಂಡ್ತು. ಮೊದಲಿಂದ ಕೊನೇ ತನಕ. ಆದರೆ ಮೂರನೇ ಗಾಡಿ ಹತ್ರ ಕಮ್ಮಿ ಆಯ್ತು. ಮೂರು ಬೆರಳು."

ಅವರು ಬೆಚ್ಚಿ ತಿರುಗಿದರು. "ಮೂರೇನಾ?"

"ಮೂರೇ. ನಾಲ್ಕು ಅನ್ನಬೇಕಿತ್ತಾ?"

"ಬೇಡ, ಬೇಡ. ಕಂಡಷ್ಟೇ ಹೇಳಿ. ಸಮಾಧಾನಕ್ಕೆ ಹೇಳೋರು ಮನೇಲಿ ಒಬ್ಬರು ಇದಾರೆ."

ಸ್ಟೇಷನ್ ಮಾಸ್ತರಿಗೆ ಹೇಳಿ ಅಲ್ಲಿನ ಅಂಚುಗಲ್ಲನ್ನು ಮತ್ತೆ ಕೂರಿಸಿದರು. ಅಲ್ಲಿಂದ ಮುಂದೆ ನಾನು ನೋಡುವುದು, ಅವರು ಕೇಳುವುದು. ಮಳೆಯಲ್ಲೂ ಮಂಜಿನಲ್ಲೂ ನೋಡಿದ್ದೇನೆ. ಮಂಜಿನ ದಿನ ಬೆಳಕು ಸರಿಯಾಗಿ ತಿಳಿಯಲಿಲ್ಲ ಎಂದರೆ, ತಿಳಿಯಲಿಲ್ಲ ಎಂದೇ ಕೇಳಿಕೊಂಡು ಹೋಗುತ್ತಿದ್ದರು, ಮುಂದಿನ ವಾರದ ತನಕ ಹೆಂಡತಿಗೆ ಅವರ ಕಾಟ ತಪ್ಪುತ್ತಿರಲಿಲ್ಲ. ನಾನು ಅವರನ್ನು ಅಣ್ಣ ಎನ್ನತೊಡಗಿದೆ. ಯಾವತ್ತಿನಿಂದ ಎಂದು ನೆನಪಿಲ್ಲ. ಅತ್ತೆ ತೀರಿಕೊಂಡಾಗ ಅವರು ಬಂದು ದಾರಿಯ ಆಚೆ ಬದಿಯಲ್ಲೇ ನಿಂತು ಹೋದರು. ನಮ್ಮ ಹೊಸ್ತಿಲ ಮೂಟೆಗಳು ಅಷ್ಟರಲ್ಲಿ ಕೊಳೆತು ಹರಿದು, ಮರಳು ಚೆಲ್ಲಿ, ಅದರ ಮೇಲೆ ಹುಲ್ಲು ಬೆಳೆದಿತ್ತು. ಆ ಮೂಟೆಗಳ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಾನು ಕೆಲಸದಿಂದ ಬಿಡುಗಡೆಯಾದ ಮೇಲೂ ಹೊಟ್ಟೆಗಾಡಿಯ ದಿನ ಹೋಗುತ್ತಿದ್ದೆ. ಆಮೇಲೆ ಸುದ್ದಿ ಬಂತು. ಇನ್ನು ಮುಂದಿನ ಒಡಲುಗಳು ದೊಡ್ಡವಂತೆ, ರೈಲಿಗೆ ಹಿಡಿಸುವುದಿಲ್ಲವಂತೆ, ದೊಡ್ಡ ಲಾರಿಯ ಮೇಲೆ ರಸ್ತೆಯಲ್ಲೇ ಹೋಗುತ್ತವಂತೆ. ಕಡೆಯ ಗಾಡಿಯ ದಿನ ಏಣಿಯವರೆಲ್ಲ ನೆರೆದಿದ್ದರು. ಹಲ್ಲಿನ ಡಾಕ್ಟರು ಅಂಗಡಿಯನ್ನೇ ಮುಚ್ಚಿ ಬಂದಿದ್ದರು. ಅಳತೆಯವರು ಬಂದಿರಲಿಲ್ಲ. ಎದೆಯಲ್ಲಿ ನೀರು ತುಂಬಿಕೊಂಡು ಮಲಗಿಬಿಟ್ಟಿದ್ದರು. ಅಷ್ಟು ಜನರ ಕಾಲುಗಳ ನಡುವೆ ನಾನೊಬ್ಬಳು ಮುದುಕಿ ಮಂಡಿಯೂರಿ ನೋಡಿದೆ. ನೋಡಿ ನೇರ ಅವರ ಮನೆಗೆ ಹೋದೆ.

ಒಂದೇ ಕೋಣೆ, ಹಿಂದೆ ಅಡುಗೆಮನೆ. ಗೋಡೆಯಿಂದ ಗೋಡೆಗೆ ಬಟ್ಟೆ ಒಣಗಿಸಲು ಒಂದು ಕಡ್ಡಿ ಕಟ್ಟಿತ್ತು. ಮುಳ್ಳುಹಂದಿಯ ಕಡ್ಡಿ. ತುದಿಯ ಸುಣ್ಣ ಇನ್ನೂ ಇತ್ತು. ಮಂಚ ಗೋಡೆಗೆ ತಾಗದ ಹಾಗೆ ಸ್ವಲ್ಪ ಈಚೆಗೆ ಹಾಕಿದ್ದರು.

"ನಾಲ್ಕು ಬೆರಳು," ಎಂದರು ಅವರ ಹೆಂಡತಿ, ನಾನು ನೋಡಿದ್ದನ್ನು ಕಂಡು. "ಸಾಯೋ ಮಂಚಕ್ಕೂ ಬೇಕಂತೆ. ಕೂತ್ಕೊಳ್ಳಿ, ಬಿಸಿನೀರು ತರ್ತೀನಿ."

ಅವರು ಉಸಿರನ್ನು ಎಳೆದು ಎಳೆದು ಬಿಡುತ್ತಿದ್ದರು. "ಬೆಳಕು?"

"ಕಂಡ್ತು ಅಣ್ಣ. ಒಂದೇ ಸಮ. ಎಲ್ಲೂ ಕಮ್ಮಿ ಆಗಲಿಲ್ಲ."

"ಇನ್ನು ಬರಲ್ಲ ಅಲ್ವಾ?"

"ಬರಲ್ಲ. ರಸ್ತೇಲಿ ಹೋಗುತ್ತಂತೆ."

"ರಸ್ತೇಲಿ ಸಂದು ನೋಡೋರು ಯಾರು?"

"ರಸ್ತೆ ಅಗಲ ಇದೆಯಂತೆ ಅಣ್ಣ."

ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು. ಆಮೇಲೆ ಕೈ ಚಾಚಿ ಮಂಚದ ಅಂಚನ್ನು ತಡವುತ್ತಾ ಬಂದು ನನ್ನ ಬೆರಳು ಹಿಡಿದರು.

"ಇನ್ನು ನಿಮ್ಮನ್ನ ಕೇಳೋದಕ್ಕೆ ಸಂದು ಉಳಿದಿಲ್ಲ. ಒಂದು ಮಾತು ಉಳಿದಿದೆ."

ಯಾವ ಮಾತು ಎಂದು ನನಗೆ ಗೊತ್ತಾಯಿತು.

"ಮಾರನೇ ದಿನ ಬೆಳಿಗ್ಗೆ ಆ ಮೂಟೆ ಎತ್ಕೊಂಡು ಹೋಗೋಣ ಅಂತ ಬಂದಿದ್ದೆ. ನಿಮ್ಮ ಬಾಗಿಲ ತನಕ ಬಂದೆ. ಒಳಗೆ ನಿಮ್ಮ ಅತ್ತೆ ಕೆಮ್ತಾ ಇದ್ರು. ಇದನ್ನ ತೆಗೆದ್ರೆ ಆ ಮುದುಕಿ ಹಾಸಿಗೆಗೆ ನೀರು ಹೋಗುತ್ತಲ್ಲ ಅಂತ ಕೈ ಬರಲಿಲ್ಲ. ಹಾಗೇ ವಾಪಸ್ ಹೋದೆ."

ಆ ಬೆಳಿಗ್ಗೆ ಅತ್ತೆ ಮೇಜಿನ ಮೇಲೆ ಒದ್ದೆ ಸೀರೆಯಲ್ಲಿ ನಡುಗುತ್ತಾ ಕೆಮ್ಮುತ್ತಿದ್ದರು. ಹಾಸಿಗೆ ಹಿತ್ತಿಲ ಗೋಡೆಯ ಮೇಲೆ ನೀರು ಸೋರಿಸುತ್ತಾ ಬಿದ್ದಿತ್ತು.

"ನಿಮ್ಮ ಮನೆಯವರು ಹೋದ್ರು. ಅದು ನನ್ನಿಂದ. ಆದರೂ ಆ ಮನೇಲಿ ಒಬ್ಬ ಮುದುಕಿ ನೆನೀದೆ ಮಲಗಿದ್ಲು, ಅಷ್ಟಾದ್ರೂ ಆಯ್ತು ಅಂತ, ಇಷ್ಟು ದಿನ ಅದೊಂದನ್ನೇ ಹಿಡ್ಕೊಂಡಿದೀನಿ." ಹಿಡಿತ ಬಿಗಿಯಾಯಿತು. ಕಾಣದ ಕಣ್ಣನ್ನು ನನ್ನ ಕಡೆ, ಈ ಸಲ ಸರಿಯಾಗಿ ನನ್ನ ಕಡೆಗೇ, ತಿರುಗಿಸಿದರು.

"ಸಮಾಧಾನಕ್ಕೆ ಬೇಡ ತಂಗಿ. ಕಂಡದ್ದನ್ನೇ ಹೇಳಿ. ಅವತ್ತು ನಿಮ್ಮ ಮನೆಯೊಳಗೆ ನೀರು ಬರಲಿಲ್ಲ ತಾನೆ?"